ನಾನು ಬಿಟ್ಟ ದೀರ್ಘ

ಹೋದ ತಿಂಗಳು ಆಕ್ಲೆಂಡಿನಲ್ಲಿ ಪರಿಚಯದವರ ಗೃಹಪ್ರವೇಶ ಇತ್ತು. ಕ್ರೈಸ್ಟ್‌ಚರ್ಚಿನಿಂದ ಅಷ್ಟು ದೂರ ಹೋಗಿದ್ದೇವೆ, ಹಳೆಯ ಊರನ್ನೂ ನೋಡಿ ಬರೋಣವೆಂದು ಪುಕೆಕೊಹೆಯ ಕಡೆಗೆ ಕಾರು ತಿರುಗಿಸಿದೆವು. ಗಾಜು ಇಳಿಸಿದ್ದೆ. ಊರು ಕಾಣುವ ಮೊದಲೇ ಉಳ್ಳಾಗಡ್ಡಿಯ ವಾಸನೆ ಬಂತು. ಹೆಚ್ಚಿದ ಉಳ್ಳಾಗಡ್ಡಿಯ ಘಾಟಲ್ಲ. ಕಿತ್ತು ಕೆಂಪು ಹೊಲದಲ್ಲಿ ಸಾಲಾಗಿ ಬಿಸಿಲಿಗೆ ಬಿಟ್ಟಾಗ ಸಿಪ್ಪೆ ಒಣಗುತ್ತ ಬಿಡುವ ಒಂದು ಮೆತ್ತನೆಯ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ಗಾಜು ಏರಿಸಿದೆ.

ಊರ ಹೊರಗಿನ ಸಣ್ಣ ಸೇತುವೆಯ ಹತ್ತಿರ ನಮ್ಮನೆಯವರು ಕಾರು ನಿಧಾನ ಮಾಡಿದರು. "ಬೋರ್ಡ್ ಹೊಸಾದು ಹಾಕ್ಯಾರ ನೋಡು," ಅಂದರು. ಅಂದ ಮೇಲೆ, ಅನ್ನಬಾರದಿತ್ತು ಅನ್ನುವ ಹಾಗೆ ಮುಂದಿನ ರಸ್ತೆಯ ಕಡೆ ಮುಖ ತಿರುಗಿಸಿದರು.

ಸೇತುವೆಯ ಕೆಳಗೆ ಹರಿಯುವ ತೊರೆಯ ಹೆಸರಿನ ಹಲಗೆ ಅದು. ವೈಕೋಕೋ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಆ ಹೆಸರಿನ ಎರಡೂ ‘ಓ’ಗಳ ತಲೆಯ ಮೇಲೆ ಒಂದೊಂದು ಅಡ್ಡಗೆರೆ ಇತ್ತು. ಈ ನಾಡಿನ ಮಾವೊರಿ ಭಾಷೆಯಲ್ಲಿ ಆ ಗೆರೆ ಇದ್ದರೆ ಅಕ್ಷರವನ್ನು ಎಳೆದು ಹೇಳಬೇಕು. ನಮ್ಮಲ್ಲಿ ದೀರ್ಘ ಇದ್ದ ಹಾಗೆ. ನಾವು ಅಲ್ಲಿ ಇದ್ದಾಗ ಹಲಗೆಯ ಮೇಲೆ ಆ ಗೆರೆಗಳು ಇರಲಿಲ್ಲ. ಇದ್ದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ.

ಅದು ಎರಡು ಸಾವಿರದ ಹದಿನೈದರ ಉಳ್ಳಾಗಡ್ಡಿ ಸುಗ್ಗಿ. ನಮ್ಮನೆಯವರು ಪುಕೆಕೊಹೆಯ ಒಂದು ಪ್ಯಾಕಿಂಗ್ ಶೆಡ್ಡಿನಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಸುಗ್ಗಿಯಲ್ಲಿ ನಾನೂ ಅಲ್ಲೇ ಕೆಲಸಕ್ಕೆ ಹೋಗುತ್ತಿದ್ದೆ. ಬೆಲ್ಟಿನ ಮೇಲೆ ಉರುಳಿ ಬರುವ ಉಳ್ಳಾಗಡ್ಡಿಯಲ್ಲಿ ಕೊಳೆತದ್ದು, ಜೋಡಿಗಡ್ಡೆ, ಮೊಳಕೆ ಒಡೆದದ್ದು ಆರಿಸಿ ತೆಗೆಯುವುದು. ಸಂಜೆ ಮನೆಗೆ ಬಂದು ಜಡೆ ಬಿಚ್ಚಿದರೆ ಸಿಪ್ಪೆ ಉದುರುತ್ತಿತ್ತು.

ಆ ಜನವರಿಯಲ್ಲಿ ನನ್ನ ತಮ್ಮ ಬಸವರಾಜ ನಮ್ಮ ಮನೆಗೆ ಬಂದ. ಬಸು ಕ್ರೈಸ್ಟ್‌ಚರ್ಚಿನಲ್ಲಿ ಇಂಜಿನಿಯರ್ ಆಗಿದ್ದ. ಭೂಕಂಪದಲ್ಲಿ ಬಿದ್ದ ಊರನ್ನು ಮತ್ತೆ ಕಟ್ಟುವವರಲ್ಲಿ ಅವನೂ ಒಬ್ಬ. ಅದಕ್ಕೆ ಎರಡು ವರ್ಷ ಮೊದಲು ಅವನಿಗೆ ಒಂದು ಕಿವಿ ಮಂದವಾಗಿತ್ತು. ಬರುವ ಕೆಲವು ತಿಂಗಳ ಮೊದಲು ಇನ್ನೊಂದೂ ಹೋಯಿತು. ಎರಡೂ ಕಿವಿಯ ನರಗಳ ಮೇಲೆ ಗಂಟು ಬೆಳೆದಿವೆ, ಕ್ಯಾನ್ಸರ್ ಅಲ್ಲ, ಆದರೆ ಬಿಟ್ಟರೆ ಮಿದುಳನ್ನು ಒತ್ತುತ್ತವೆ ಅಂದಿದ್ದರು ಡಾಕ್ಟರು. ಚಳಿಗಾಲದಲ್ಲಿ, ಅಂದರೆ ಇಲ್ಲಿಯ ಜುಲೈಯಲ್ಲಿ, ಆಪರೇಷನ್. ಆಫೀಸಿನವರು ರಜೆ ಕೊಟ್ಟರು. ಮದುವೆಯಾಗಿರಲಿಲ್ಲ, ಒಬ್ಬನೇ ಏನು ಮಾಡುತ್ತಾನೆಂದು ನಾನೇ ಕರೆಸಿಕೊಂಡೆ.

ವಿಮಾನ ನಿಲ್ದಾಣದಲ್ಲಿ ನನ್ನನ್ನು ಕಂಡವನೇ ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ. "ಯಕ್ಕಾ! ಕಿವಿ ದೇಶಕ್ಕ ಬಂದು ಕಿವಿ ಕಳಕೊಂಡೆ ನೋಡು!"

ನನ್ನ ಮಗಳು ಪಲ್ಲವಿಗೆ ಆಗ ಆರು ವರ್ಷ. ಅವಳು ಅವನ ತೋಳು ಜಗ್ಗಿ, "ಮಾಮಾ, ಯು ಆರ್ ಶೌಟಿಂಗ್," ಅಂದಳು. ಅವನಿಗೆ ಅದೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅವಳು ತನ್ನ ಮ್ಯಾಜಿಕ್ ಪಾಟಿಯನ್ನು ಅವನಿಗೆ ಕೊಟ್ಟಳು. ಮೇಲಿನ ಹಾಳೆಯ ಮೇಲೆ ಕಡ್ಡಿಯಿಂದ ಬರೆದರೆ ಅಕ್ಷರ ಮೂಡುತ್ತದೆ, ಹಾಳೆ ಎತ್ತಿದರೆ ಚರ್ ಎಂದು ಎಲ್ಲ ಅಳಿದುಹೋಗುತ್ತದೆ. ಅಲ್ಲಿಂದ ನಮ್ಮ ಮಾತೆಲ್ಲ ಆ ಪಾಟಿಯ ಮೇಲೆ. ನಾವು ಬರೆಯುತ್ತಿದ್ದೆವು, ಅವನು ಓದಿ ಬಾಯಿಂದ ಉತ್ತರ ಕೊಡುತ್ತಿದ್ದ.

ನನಗೆ ಬರೆಯುವುದೇ ಕಷ್ಟ. ನಮ್ಮವ್ವ ಗದಗಿನ ಬಸ್ ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬಡಿಯಲು ಇನ್ನೊಂದು ಕೈ ಬೇಕಾಗಿ ನನ್ನನ್ನು ಆರನೆಯ ಇಯತ್ತೆಗೆ ಸಾಲಿ ಬಿಡಿಸಿದರು. ಬಸು ಒಲೆಯ ಪಕ್ಕದಲ್ಲಿ ಕೂತು ಕಾಗುಣಿತ ಒದರುತ್ತಿದ್ದ: ಏತ್ವ ಕೆ, ಏತ್ವದ ದೀರ್ಘ ಕೇ, ಓತ್ವ ಕೊ, ಓತ್ವದ ದೀರ್ಘ ಕೋ. ನಾನು ಅದರ ತಾಳಕ್ಕೆ ರೊಟ್ಟಿ ಬಡಿಯುತ್ತಿದ್ದೆ. ಹ್ರಸ್ವ ಯಾವುದು ದೀರ್ಘ ಯಾವುದು ಎಂದು ಕಿವಿಗೆ ಚೆನ್ನಾಗಿ ತಿಳಿಯುತ್ತಿತ್ತು. ಕೈಗೆ ಮಾತ್ರ ಬರಲಿಲ್ಲ. ಈಗಲೂ ಬರೆಯುವಾಗ ದೀರ್ಘ ಬಿಟ್ಟುಹೋಗುತ್ತದೆ. ಇಲ್ಲಿರುವ ದೀರ್ಘಗಳನ್ನೆಲ್ಲ ನಮ್ಮನೆಯವರು ಹಾಕಿಕೊಟ್ಟಿದ್ದಾರೆ.

ಬಸು ಬಂದ ಮೊದಲ ವಾರ ಕಿಟಕಿಯ ಹತ್ತಿರ ಕೂತು ಇಡೀ ದಿನ ಲ್ಯಾಪ್‌ಟಾಪ್ ಒತ್ತುತ್ತಿದ್ದ. ಏನು ಮಾಡುತ್ತಿ ಎಂದು ಪಾಟಿಯ ಮೇಲೆ ಕೇಳಿದೆ. ಕನ್ನಡದಲ್ಲಿ ಒಂದು ವಿಶ್ವಕೋಶ ಇದೆ, ಜಾಲದಲ್ಲಿ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ ಎಂದ. ನ್ಯೂಜಿಲೆಂಡಿನ ಬಗ್ಗೆ ಅದರಲ್ಲಿ ಇರುವ ತಪ್ಪುಗಳನ್ನು ತಿದ್ದುತ್ತಿದ್ದನಂತೆ. ಒಬ್ಬರು ಕ್ರೈಸ್ಟ್‌ಚರ್ಚನ್ನು ರಾಜಧಾನಿ ಮಾಡಿದ್ದರು. ಇನ್ನೊಬ್ಬರು ಕಿವಿ ಹಕ್ಕಿಯ ಪುಟದಲ್ಲಿ, ಸಿಪ್ಪೆ ತೆಗೆದು ತಿಂದರೆ ಮಲಬದ್ಧತೆಗೆ ಒಳ್ಳೆಯದು ಎಂದು ಹಣ್ಣಿನ ಸಂಗತಿ ಸೇರಿಸಿದ್ದರು.

"ಕಿವಿಗೆ ಹಾರಾಕ ಬರಂಗಿಲ್ಲ ಅಂತ ಬರದಾರ ಯಕ್ಕಾ," ಎಂದು ನಕ್ಕ. "ಸುಳ್ಳ. ನನ್ನವು ಎರಡೂ ಹಾರಿಹೋದ್ವು."

ಅಲ್ಲಿ ನಿನಗೇನು ಸಿಗುತ್ತದೆ ಎಂದು ಕೇಳಿದೆ. ಆಗ ಅವನು ನಗಲಿಲ್ಲ. "ಅಲ್ಲಿ ಎಲ್ಲಾರೂ ಕಿವುಡರ ಯಕ್ಕಾ. ಬರದಿದ್ದಷ್ಟ ಕೇಳತೈತಿ. ನನಗ ಕೇಳಂಗಿಲ್ಲ ಅನ್ನೂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ನಾ ಮೊದಲಿನ ಬಸವರಾಜನ ಅದೀನಿ."

ಊರ ಹೆಸರುಗಳ ವಿಷಯ ಶುರುವಾದದ್ದು ನನ್ನಿಂದಲೇ. ಬೆಲ್ಟಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ಮಾವೊರಿ ಹೆಂಗಸು ಅರವತ್ತು ದಾಟಿದವಳು. ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ‘ಮೇರಿ’ ಅನ್ನುತ್ತಿದ್ದರು. ಅವಳು ತನ್ನ ಹೆಸರು ಹೇಳಿಕೊಂಡಾಗ ನನಗೆ ‘ಮೆರೆ’ ಎಂದು ಕೇಳಿಸಿತ್ತು. ಎರಡೂ ಏತ್ವ, ಎರಡೂ ಹ್ರಸ್ವ. ನಾನು ಹಾಗೆಯೇ ಕರೆದೆ. ಅವಳು ಕೈಯಲ್ಲಿದ್ದ ಉಳ್ಳಾಗಡ್ಡಿ ಕೆಳಗಿಟ್ಟು ನನ್ನನ್ನು ತಬ್ಬಿಕೊಂಡಳು. ಈ ಶೆಡ್ಡಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ, ನೀನೇ ಮೊದಲು ನನ್ನನ್ನು ನನ್ನ ಹೆಸರಿನಿಂದ ಕರೆದವಳು ಅಂದಳು.

ಇದನ್ನು ಬಸುಗೆ ಹೇಳಿದ್ದೇ ತಡ, ಅವನು ಎದ್ದು ನಿಂತ. ಇಂಗ್ಲಿಷಿನಲ್ಲಿ ಬರೆದ ಮಾವೊರಿ ಹೆಸರುಗಳಲ್ಲಿ ಯಾವ ಅಕ್ಷರ ಉದ್ದ, ಯಾವುದು ಗಿಡ್ಡ ಎಂದು ಎಷ್ಟೋ ಸಲ ತಿಳಿಯುವುದಿಲ್ಲ. ದೊಡ್ಡ ಊರುಗಳದ್ದು ನಿಘಂಟಿನಲ್ಲಿ ಸಿಗುತ್ತದೆ. ಸಣ್ಣ ಹಳ್ಳ, ಗುಡ್ಡಗಳದ್ದು ಸಿಗುವುದಿಲ್ಲ. ಆದರೆ ಕನ್ನಡದಲ್ಲಿ ಕೆ ಬೇರೆ, ಕೇ ಬೇರೆ. ಕೊ ಬೇರೆ, ಕೋ ಬೇರೆ. ಸರಿಯಾಗಿ ಕೇಳಿ ಬಂದರೆ ಇಂಗ್ಲಿಷಿಗಿಂತ ಚಂದವಾಗಿ ನಾವು ಬರೆಯಬಹುದು. ಕೇಳಿ ಬರಬೇಕಾದ ಕಿವಿ ಅವನಿಗಿರಲಿಲ್ಲ. "ನಿನ್ನ ಕಿವಿ ನನಗ ಕಡಾ ಕೊಡು ಯಕ್ಕಾ," ಅಂದ.

ದಿನಾ ಬೆಳಿಗ್ಗೆ ನನ್ನ ಬುತ್ತಿಯ ಡಬ್ಬಿಯ ಮುಚ್ಚಳದ ಮೇಲೆ ಟೇಪು ಅಂಟಿಸಿ ಒಂದೆರಡು ಹೆಸರು ಬರೆಯುತ್ತಿದ್ದ. ಬೆಳಗಿನ ಚಹಾದ ಹೊತ್ತಿನಲ್ಲಿ ಮೆರೆ ಅವನ್ನು ಹೇಳುತ್ತಿದ್ದಳು. ಹ್ರಸ್ವಕ್ಕೆ ಮೇಜಿನ ಮೇಲೆ ಒಂದು ಬಡಿತ, ದೀರ್ಘಕ್ಕೆ ಎರಡು. ಹಾಗೆ ತಾಳ ಹಾಕಿ ನೆನಪಿಟ್ಟುಕೊಂಡು ಬಂದು ಬಸುನ ಮುಂದೆ ಹಾಗೆಯೇ ಬಡಿಯುತ್ತಿದ್ದೆ. ಮೆರೆಗೂ ಅದು ಆಟವಾಯಿತು. "ಎಳೆಯುವುದನ್ನು ಹಗುರವಾಗಿ ತಿಳಿಯಬೇಡ," ಎಂದಳು ಒಂದು ದಿನ. "ಕೆಕೆ ಅಂದರೆ ಕೇಕು. ಕೇಕೇ ಅಂದರೆ ಕಂಕುಳು. ಚಹಾದ ಜೊತೆ ನೀನು ಯಾವುದನ್ನು ಕೊಡುತ್ತೀ ಎಂದು ನನಗೆ ಗೊತ್ತಾಗಬೇಕಲ್ಲ!" ಶೆಡ್ಡೆಲ್ಲ ನಕ್ಕಿತು. ಇದನ್ನು ಪಾಟಿಯ ಮೇಲೆ ಓದಿ ಬಸು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಇನ್ನೊಂದು ದಿನ ಆಕ್ಲೆಂಡಿನ ವಿಮಾನ ನಿಲ್ದಾಣದ ಪಕ್ಕದ ಬಡಾವಣೆಯ ಹೆಸರು ಕೇಳಿದೆ. ನಮ್ಮವರೆಲ್ಲ ಮಾಂಗೆರೆ ಅನ್ನುತ್ತಾರೆ. ಮೆರೆಯ ಬಾಯಲ್ಲಿ ನಡುವೆ ‘ಗ’ ಇರಲೇ ಇಲ್ಲ. ಮೂಗಿನೊಳಗಿಂದ ಒಂದು ಶಬ್ದ. ಎಲ್ಲಿ ಕೇಳಿದ್ದೇನೆ, ಎಲ್ಲಿ ಕೇಳಿದ್ದೇನೆ ಎಂದು ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡೆ. ಬೆಲ್ಟಿನ ಮುಂದೆ ನಿಂತಿದ್ದಾಗ ಥಟ್ಟನೆ ಹೊಳೆಯಿತು. ಕ ಖ ಗ ಘ ಙ! ಸಾಲಿಯಲ್ಲಿ ಬಾಯಿಪಾಠ ಮಾಡಿಸಿ, ಆಮೇಲೆ ಯಾವ ಮಾತಿಗೂ ಬಳಸದೆ ಬಿಟ್ಟ ಅಕ್ಷರ. ಸಂಜೆ ಪಾಟಿಯ ಮೇಲೆ ದೊಡ್ಡದಾಗಿ ಬರೆದು ಅವನ ಮುಂದೆ ಹಿಡಿದೆ. ಅವನು ಅದನ್ನು ನೋಡಿ, ನನ್ನನ್ನು ನೋಡಿ, ಪಲ್ಲವಿಯನ್ನು ಎತ್ತಿ ಗಿರಗಿರ ತಿರುಗಿಸಿದ. "ಙಕ್ಕ ಕೆಲಸ ಸಿಕ್ಕಿತು! ಇಷ್ಟ ವರ್ಷ ಊರಾಗ ಖಾಲಿ ಕೂತಿತ್ತು, ನ್ಯೂಜಿಲೆಂಡ್ ವೀಸಾ ಆತು ಅದಕ್ಕ!"

ಮಾಙೆರೆ ಎಂದು ವಿಶ್ವಕೋಶದಲ್ಲಿ ಹಾಕಿದ. ಉಳಿದ ಸ್ವಯಂಸೇವಕರು ಮೊದಲು ಅನುಮಾನಿಸಿದರು. ಇವನು ವಿವರಿಸಿದ ಮೇಲೆ ಮೆಚ್ಚಿಕೊಂಡರು. ‘ಇದು ನನ್ನ ಅಕ್ಕ ಕೇಳಿ ಹೇಳಿದ್ದು’ ಎಂದು ಅಲ್ಲಿ ಬರೆದದ್ದನ್ನು ನನಗೆ ತೋರಿಸಿದ. ನನ್ನ ಬಗ್ಗೆ ಯಾರಾದರೂ ಎಲ್ಲಿಯಾದರೂ ಬರೆದದ್ದು ಅದೇ ಮೊದಲು. ಆ ಫೆಬ್ರುವರಿಯ ಬಿಸಿಲು, ಬೆವರಿಗೆ ಅಂಟಿದ ಸಿಪ್ಪೆ, ಗೇಟಿನ ಹತ್ತಿರ ನಿಂತು ನನ್ನ ದಾರಿ ಕಾಯುವ ತಮ್ಮ. ಅಷ್ಟು ಸುಖವಾಗಿ ನಾನು ಅದರ ಮುಂಚೆಯೂ ಇರಲಿಲ್ಲ, ಆಮೇಲೂ ಇಲ್ಲ.

ಯುಗಾದಿ ಆ ವರ್ಷ ಶನಿವಾರ ಬಂತು. ಆಕ್ಲೆಂಡಿನಲ್ಲಿ ಒಬ್ಬರ ಮನೆಯಲ್ಲಿ ನಮ್ಮ ಕಡೆಯವರೆಲ್ಲ ಸೇರಿದ್ದರು. ಬೆಂಗಳೂರು, ಮೈಸೂರಿನವರೂ ಇದ್ದರು. ಮನೆಯೊಡತಿ ನನ್ನ ಕೈಗೆ ಮಾರ್ಕರ್ ಕೊಟ್ಟು, "ಪಾತ್ರೆಗಳ ಮುಂದೆ ಒಂದೊಂದು ಚೀಟಿ ಬರೆದಿಡಿ, ಮಕ್ಕಳಿಗೆ ಕನ್ನಡ ಓದೋಕೆ ಆಗ್ಲಿ," ಅಂದರು. ನಾನು ಬರೆದಿಟ್ಟೆ. ಬಸು ಊಟದ ಸಾಲಿನಲ್ಲಿ ಬಂದವನು ನನ್ನ ‘ಹೊಳಿಗೆ’ ನೋಡಿದ. ಮಾರ್ಕರ್ ತೆಗೆದುಕೊಂಡು ಹೊ ಪಕ್ಕದಲ್ಲಿ ದೀರ್ಘ ಜಗ್ಗಿ ಹೋಳಿಗೆ ಮಾಡಿದ. ಆಮೇಲೆ, ತನ್ನ ದನಿ ಎಷ್ಟು ದೊಡ್ಡದೆಂದು ತಿಳಿಯದ ಆ ದನಿಯಲ್ಲಿ, "ನಮ್ಮಕ್ಕ ಊರಿಂದ ಬರುವಾಗ ಎಲ್ಲಾ ಕಟಗೊಂಡು ಬಂದ್ಲು, ದೀರ್ಘ ಒಂದು ಅಲ್ಲೇ ಮರತು ಬಂದಾಳ!" ಅಂದ.

ಎಲ್ಲರೂ ನಕ್ಕರು. ಕೆಟ್ಟ ನಗೆಯಲ್ಲ. ಆದರೆ ಒಬ್ಬ ಆಂಟಿ ನನ್ನ ಬೆನ್ನು ಸವರಿ, "ಪಾಪ, ತಮ್ಮ ಇಷ್ಟೊಂದು ಓದಿದ್ದಾನೆ, ನೀವು ಯಾಕಮ್ಮ ಓದಲಿಲ್ಲ?" ಅಂದರು. ನಾನು ಪಾನಕದ ಲೋಟ ಹಿಡಿದು ಹಿತ್ತಲಿಗೆ ಹೋದೆ. ಅವನ ಫೀಸು ತುಂಬಿದ್ದು ನಾನು ಬಡಿದ ರೊಟ್ಟಿಯಿಂದ ಎಂದು ಹೇಳಬಹುದಿತ್ತು. ಬಸುಗೆ ಆ ನಗೆಯೂ ಕೇಳಿಸಿರಲಿಲ್ಲ, ಆ ಮಾತೂ ಕೇಳಿಸಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಖುಷಿಯಿಂದ ಮಾತಾಡುತ್ತಿದ್ದ. ನಾನು ಪಾಟಿ ಮುಟ್ಟಲಿಲ್ಲ.

ಸೋಮವಾರ ಡಬ್ಬಿಯ ಮೇಲೆ ಇದ್ದ ಹೆಸರು ಈ ಸೇತುವೆಯ ಕೆಳಗಿನ ತೊರೆಯದು. ಮೆರೆ ಕೆಲಸಕ್ಕೆ ಬಂದಿರಲಿಲ್ಲ. ಉತ್ತರದ ಕಡೆ ಅವಳ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಒಂದು ವಾರ ಬರುವುದಿಲ್ಲ ಎಂದರು.

ಸಂಜೆ ಗೇಟಿನ ಹತ್ತಿರ ಅವನು ನಿಂತಿದ್ದ. ಮೆರೆ ಬಂದಿಲ್ಲ ಎಂದು ಎರಡು ಪದ ಬರೆದರೆ ಮುಗಿಯುತ್ತಿತ್ತು. ಅವನ ಮುಖ ಸಣ್ಣದಾಗುವುದನ್ನು ನೋಡಲಾರದೆ ಹೇಳಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ಹೋಳಿಗೆಯ ಚೀಟಿ ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ದೀರ್ಘ ಮರೆತು ಬಂದವಳಲ್ಲವೇ ನಾನು? ಮರೆತೇ ಬಿಡುತ್ತೇನೆ ಅನ್ನಿಸಿತು. ಗೇಟಿನ ಕಂಬದ ಮೇಲೆ ಒಂದೊಂದೇ ಬಡಿತ ಬಡಿದೆ. ಕೊ, ಕೊ.

"ಎರಡೂ ಹ್ರಸ್ವ?"

ತಲೆ ಆಡಿಸಿದೆ.

ಅವನು ಒಳಗೆ ಓಡಿದ. ನಿಘಂಟು ನೋಡಿದ. ಆ ಭಾಷೆಯಲ್ಲಿ ವೈ ಅಂದರೆ ನೀರು, ಕೊಕೊ ಅಂದರೆ ಮೊಗೆಯುವುದು. "ಬೊಗಸಿಲೆ ಮೊಗದ ನೀರು ಯಕ್ಕಾ! ಎಂಥಾ ಹೆಸರ ಇಟ್ಟಾರ ನೋಡು," ಎಂದು ಅಡುಗೆಮನೆಗೆ ಬಂದು ಹೇಳಿದ. ಪುಕೆಕೊಹೆಯ ಪುಟದಲ್ಲಿ ಆ ತೊರೆಯ ಹೆಸರನ್ನು ಅರ್ಥದ ಸಮೇತ ಬರೆದ. ಆ ವಾರ ಇನ್ನೂ ಎರಡು ಹೆಸರುಗಳನ್ನು ನಾನು ಹಾಗೆಯೇ, ಯಾರನ್ನೂ ಕೇಳದೆ, ಬಡಿದು ಹೇಳಿದೆ. ಒಮ್ಮೆ ಶುರುವಾದ ಮೇಲೆ ಕಷ್ಟವಾಗಲಿಲ್ಲ.

ಕೆಲವು ದಿನ ಕಳೆದ ಮೇಲೆ ತುಂಗಾತೀರ ಎಂಬ ಹೆಸರಿನಲ್ಲಿ ತಿದ್ದುತ್ತಿದ್ದ ಒಬ್ಬರು ಆ ಪುಟದ ಚರ್ಚೆಯಲ್ಲಿ ಕೇಳಿದರು: ಈ ಅರ್ಥಕ್ಕೆ ಆಧಾರವೇನು? ಕೋಕೋ ಎಂದು ಎಳೆದರೆ ಅದು ಆ ನಾಡಿನ ಒಂದು ಹಕ್ಕಿಯ ಹೆಸರೆಂದು ಓದಿದ್ದೇನೆ. ಹೆಸರು ವೈಕೋಕೋ ಇರಬಹುದೇ?

ಬಸು ಇಲ್ಲ ಎಂದು ಬರೆದ. ಅವರು ಅಚ್ಚಾದ ಆಧಾರ ಕೇಳಿದರು; ವಿಶ್ವಕೋಶದ ನಿಯಮ ಅದೇ. ಇವನಲ್ಲಿ ಇರಲಿಲ್ಲ. ಅವರು ಅರ್ಥವನ್ನು ತೆಗೆದರು, ಇವನು ಮತ್ತೆ ಹಾಕಿದ. ಅವರು ತೆಗೆದರು, ಇವನು ಹಾಕಿದ. ಹೀಗೆ ಹಗ್ಗ ಜಗ್ಗಬಾರದೆಂದು ಅಲ್ಲಿಯ ಹಿರಿಯ ಸ್ವಯಂಸೇವಕರು ಎಚ್ಚರಿಸಿದರು. ಅವತ್ತು ಬಸು ಲ್ಯಾಪ್‌ಟಾಪ್ ಬಿಟ್ಟು ನನ್ನ ಹತ್ತಿರ ಬಂದು ನಿಂತ. ನಾನು ಹಿಟ್ಟು ನಾದುತ್ತಿದ್ದೆ.

"ಯಕ್ಕಾ, ನೀ ಮೆರೆ ಬಾಯಿಂದನ ಕೇಳಿದ್ದಿ ಹೌದಲ್ಲ?"

ಹೌದು ಎಂದು ತಲೆ ಆಡಿಸಿದೆ.

"ಖರೇ ಹೇಳು. ನನಗ ಯಾವ ಬೇಜಾರೂ ಇಲ್ಲ. ತಪ್ಪಿದ್ರ ತಿದ್ದಿದ್ರಾತು. ಅಲ್ಲಿ ತಿದ್ದಾಕ ಅಂತನ ಅದೀವಿ."

ಇಷ್ಟು ಸುಲಭ ಮಾಡಿ ಕೊಟ್ಟಿದ್ದ ಅವನು. ನಾನು ಏನು ಮಾಡಿದೆ? ಹಿಟ್ಟಿನ ಕೈಯನ್ನು ಅವನ ತಲೆಯ ಮೇಲೆ ಇಟ್ಟೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಆಣೆ ಇಲ್ಲ. ಸುಳ್ಳಾಣೆ ಮಾಡಿದರೆ ಯಾರ ತಲೆ ಮುಟ್ಟಿದೆವೋ ಅವರಿಗೆ ತಟ್ಟುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಎರಡು ಗಂಟುಗಳು ಬೆಳೆಯುತ್ತಿದ್ದ ಆ ತಲೆಯನ್ನೇ ಮುಟ್ಟಿ ನಾನು ಆಣೆ ಮಾಡಿದೆ. ಅವನ ಕೂದಲಿಗೆ ಹಿಟ್ಟು ಹತ್ತಿತು. ಅವನು ನಕ್ಕು, ಕೊಡವಿಕೊಂಡು ಹೋಗಿ ಬರೆದ: ‘ನನ್ನ ಅಕ್ಕ ಈ ನೆಲದ ಹಿರಿಯರ ಬಾಯಿಂದ ಕೇಳಿ ಬಂದಿದ್ದಾಳೆ. ನನ್ನ ಅಕ್ಕ ಸುಳ್ಳು ಹೇಳುವವಳಲ್ಲ.’ ಮತ್ತೆ ಅರ್ಥವನ್ನು ಹಾಕಿದ. ಅಲ್ಲಿಯ ಹಿರಿಯ ಸ್ವಯಂಸೇವಕರು ಅವನನ್ನು ಕೆಲವು ದಿನ ತಿದ್ದದಂತೆ ತಡೆದರು.

ಆ ದಿನಗಳಲ್ಲಿ ಅವನು ಗೂಡಿಲ್ಲದ ಹಕ್ಕಿಯ ಹಾಗೆ ಮನೆ ತುಂಬ ತಿರುಗಿದ. ಲ್ಯಾಪ್‌ಟಾಪ್ ತೆರೆಯುವುದು, ಮುಚ್ಚುವುದು. ಮೆರೆ ಅಷ್ಟರಲ್ಲಿ ವಾಪಸು ಬಂದಿದ್ದಳು. ನಾನು ಅವಳನ್ನು ಕೇಳಲಿಲ್ಲ. ಕೇಳಿದರೆ ತಿಳಿದುಬಿಡುತ್ತದೆ ಎಂದು ಚಹಾಕ್ಕೆ ಬೇರೆ ಮೇಜಿಗೆ ಹೋಗತೊಡಗಿದೆ. "ನಿನ್ನ ತಮ್ಮನ ಹೆಸರುಗಳೆಲ್ಲ ಮುಗಿದವೇ?" ಎಂದು ಅವಳೇ ಒಮ್ಮೆ ಕೇಳಿದಳು. ಮುಗಿದವು ಅಂದೆ.

ಒಂದು ಮಧ್ಯಾಹ್ನ ಬಸು ಹೇಳದೆ ಕೇಳದೆ ಶೆಡ್ಡಿಗೆ ಬಂದ. ಒಂದು ಕೈಯಲ್ಲಿ ಹಿಂದಿನ ದಿನ ನಾನು ಮಾಡಿದ್ದ ಶೇಂಗಾ ಹೋಳಿಗೆಯ ಡಬ್ಬಿ, ಇನ್ನೊಂದರಲ್ಲಿ ಪಾಟಿ. ಮೆರೆಯನ್ನು ಕಂಡು ಧನ್ಯವಾದ ಹೇಳಬೇಕು, ಅವಳ ಬಾಯಿಂದಲೇ ಇನ್ನೊಮ್ಮೆ ಖಾತ್ರಿ ಮಾಡಿಕೊಂಡು ಚರ್ಚೆಯಲ್ಲಿ ಬರೆಯಬೇಕು ಎಂದು ಅವನ ಮನಸ್ಸಿನಲ್ಲಿತ್ತು. ಹೊರಗಿನ ಮೇಜಿನ ಹತ್ತಿರ ಮೂವರೂ ನಿಂತೆವು. ಅವನು ಪಾಟಿಯ ಮೇಲೆ ತೊರೆಯ ಹೆಸರು ಬರೆದು, ಮೇಜಿನ ಮೇಲೆ ಒಂದೊಂದೇ ಬಡಿದು ತೋರಿಸಿದ. ಕೊ, ಕೊ.

ಮೆರೆ ಇಲ್ಲ ಎಂದು ತಲೆ ಆಡಿಸಿದಳು. ಮೇಜಿನ ಮೇಲೆ ಎರಡು ಸಲ ಬಡಿದಳು, ಮತ್ತೆ ಎರಡು ಸ‌ಲ. ಆಮೇಲೆ ಎರಡೂ ತೋಳು ರೆಕ್ಕೆಯ ಹಾಗೆ ಬಿಚ್ಚಿದಳು. ಗಂಟಲ ಕೆಳಗೆ ಎರಡು ಬೆರಳು ಇಟ್ಟು ಅಲ್ಲಾಡಿಸಿದಳು. ಮೈಯೆಲ್ಲ ಕಪ್ಪಾಗಿ, ಗಂಟಲಲ್ಲಿ ಬಿಳಿ ಗೊಂಡೆ ಇರುವ ಹಕ್ಕಿ ಇಲ್ಲಿ ಎಲ್ಲ ಕಡೆ ಇದೆ, ಟೂಯಿ ಅನ್ನುತ್ತಾರೆ. ಅದರ ಇನ್ನೊಂದು ಹೆಸರು ಕೋಕೋ. ಮೆರೆ ತುಟಿ ಚೂಪು ಮಾಡಿ ಅದರ ಹಾಗೆ ಸಿಳ್ಳೆ ಹಾಕಿದಳು. ಅವನಿಗೆ ಕೇಳದ ಹಾಡನ್ನು ಅವನಿಗಾಗಿಯೇ ಹಾಡಿದಳು.

ಬಸು ನನ್ನ ಕಡೆ ನೋಡಲಿಲ್ಲ. ಇನ್ನೂ ನನ್ನನ್ನು ಉಳಿಸುವ ದಾರಿ ಹುಡುಕುತ್ತಿದ್ದ ಅನ್ನಿಸುತ್ತದೆ. ನನ್ನ ಅಕ್ಕನಿಗೆ ಇದನ್ನು ಯಾವಾಗ ಹೇಳಿದಿರಿ ಎಂದು ಇಂಗ್ಲಿಷಿನಲ್ಲಿ ಬರೆದು ಪಾಟಿ ಕೊಟ್ಟ. ಯುಗಾದಿಯ ಮರುವಾರ ಎಂದು ತಾನೇ ವಿವರಿಸಿದ. ಮೆರೆ ಕಡ್ಡಿ ಹಿಡಿದು ನಿಧಾನವಾಗಿ ಬರೆದಳು: ಆ ವಾರ ನಾನು ಇಲ್ಲಿರಲಿಲ್ಲ. ನನ್ನ ತಮ್ಮ ತೀರಿಕೊಂಡಿದ್ದ.

ಆಗ ಅವನು ನನ್ನ ಕಡೆ ನೋಡಿದ.

ಆ ನೋಟವನ್ನು ನಾನು ಬರೆಯಲಾರೆ. ಅವನು ಹಾಳೆ ಎತ್ತಿ ಅಳಿಸಿ, ‘ನಿಮ್ಮ ತಮ್ಮನ ಸುದ್ದಿ ಕೇಳಿ ನನಗೆ ದುಃಖವಾಯಿತು’ ಎಂದು ಬರೆದು ಮೆರೆಗೆ ತೋರಿಸಿದ. ಹೋಳಿಗೆಯ ಡಬ್ಬಿ ಅವಳ ಕೈಗೆ ಕೊಟ್ಟ. ಬಿಸಿಲಲ್ಲಿ ನಡೆದುಕೊಂಡು ಮನೆಗೆ ಹೋದ.

ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ತಡೆ ಮುಗಿದ ದಿನ ಚರ್ಚೆಯಲ್ಲಿ ಬರೆದ: ‘ತಪ್ಪು ನನ್ನದು. ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ. ಎಲ್ಲರೂ ಕ್ಷಮಿಸಬೇಕು.’ ಅವನಿಗೆ ಕಿವಿ ಕೇಳುವುದಿಲ್ಲವೆಂದು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಪರವಾಗಿಲ್ಲ, ಎಲ್ಲರಿಗೂ ಆಗುತ್ತದೆ ಎಂದು ಆ ತುಂಗಾತೀರದವರು ಉತ್ತರ ಬರೆದರು.

ಆಮೇಲೆ ಅವನು ಒಂದೊಂದೇ ಪುಟ ತೆರೆದು, ಆ ಸುಗ್ಗಿಯಲ್ಲಿ ನಾನು ತಂದ ಹೆಸರುಗಳನ್ನೆಲ್ಲ ತೆಗೆದುಹಾಕಿದ. ಸುಳ್ಳಾಗಿದ್ದವು ಮೂರೇ. ಉಳಿದವೆಲ್ಲ ಮೆರೆ ಹೇಳಿದ್ದು, ನಾನು ತಾಳ ಹಾಕಿ ಜೋಪಾನವಾಗಿ ತಂದದ್ದು. ಯಾವು ಖರೇ, ಯಾವು ಸುಳ್ಳು ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ. ಕೇಳಿ ನಂಬುವುದು ಹೇಗೆ? ನಾನು ಚಹಾ ಕೊಡಲು ಹೋದಾಗ ಮಾಙೆರೆ ಮತ್ತೆ ಮಾಂಗೆರೆ ಆಗುತ್ತಿತ್ತು. ಙ ಹೋಯಿತು. ‘ಇದು ನನ್ನ ಅಕ್ಕ ಕೇಳಿ ಹೇಳಿದ್ದು’ ಎಂಬ ಸಾಲಿನ ಕೆಳಗೆ ಅವನು ಏನೂ ಬರೆಯಲಿಲ್ಲ. ಅದು ಹಾಗೆಯೇ ಇದೆ.

ಉಳ್ಳಾಗಡ್ಡಿ ಮುಗಿದು ಮಳೆ ಹಿಡಿಯಿತು. ಅವನು ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್ ಬಡಾವಣೆಯ ತನ್ನ ಮನೆಗೆ ಹೊರಟ. ಹೋಗುವಾಗ ಪಲ್ಲವಿಯ ಪಾಟಿಯನ್ನು ಅವಳನ್ನು ಕೇಳಿ ತೆಗೆದುಕೊಂಡ. ಫೋನಿನಲ್ಲಿ ಮೆಸೇಜು ಮಾಡುತ್ತಿದ್ದ: ಊಟ ಆತೇನು, ಪಲ್ಲವಿ ಜ್ವರ ಇಳೀತೇನು. ಒಂದು ಶಬ್ದ ಹೇಗಿರುತ್ತದೆ ಎಂದು ಮಾತ್ರ ಮತ್ತೆ ಎಂದೂ ನನ್ನನ್ನು ಕೇಳಲಿಲ್ಲ.

ಜುಲೈಯಲ್ಲಿ ಆಪರೇಷನ್ ಆಯಿತು. ಅವನು ಏಳಲಿಲ್ಲ. ಒಂದು ವಾರ ಹಾಗೆಯೇ ಮಲಗಿದ್ದ, ಆಮೇಲೆ ಹೋದ. ಗಂಟು ಹತ್ತಾರು ವರ್ಷದಿಂದ ಬೆಳೆದದ್ದು, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ನನಗೂ ಗೊತ್ತು. ಆ ಗಂಟು ನನ್ನ ಆಣೆಗಿಂತ ಹಳೆಯದು. ಆದರೆ ರೊಟ್ಟಿ ಹಿಟ್ಟು ಕೈಗೆ ಹತ್ತಿದಾಗಲೆಲ್ಲ ಅಂಗೈಯಲ್ಲಿ ಅವನ ತಲೆಯ ಬಿಸಿ ಇರುತ್ತದೆ. ಅವನನ್ನು ಮಣ್ಣು ಮಾಡಿದ ಊರಿನಲ್ಲಿ, ಅವನ ಸಮೀಪವಾದರೂ ಇರೋಣವೆಂದು ಮರುವರ್ಷ ನಾವು ಕ್ರೈಸ್ಟ್‌ಚರ್ಚಿಗೇ ಬಂದೆವು.

ವಿಶ್ವಕೋಶವನ್ನು ತಿದ್ದುವುದು ಹೇಗೆಂದು ಪಲ್ಲವಿ ನನಗೆ ಕಲಿಸಿದ್ದಾಳೆ. ಆ ಹೆಸರುಗಳನ್ನು ಮತ್ತೆ ಹಾಕಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಯಾರ ಮಾತಿನ ಮೇಲೆ ಹಾಕಲಿ? ಚರ್ಚೆಯಲ್ಲಿ ಒಬ್ಬರು ಸಹಿ ಮಾಡಿ ಬರೆದದ್ದನ್ನು ಇನ್ನೊಬ್ಬರು ತಿದ್ದುವ ಹಾಗಿಲ್ಲವಂತೆ. ನನ್ನ ಅಕ್ಕ ಸುಳ್ಳು ಹೇಳುವವಳಲ್ಲ ಎಂಬ ಮಾತು ಈಗಲೂ ಅಲ್ಲಿ ಹಾಗೆಯೇ ಇದೆ. ಅದರ ತಪ್ಪನ್ನು ಯಾರೂ ಹಿಡಿದಿಲ್ಲ.

ಆಪರೇಷನ್ನಿನ ಹಿಂದಿನ ದಿನ ನಾನು ಆಸ್ಪತ್ರೆಯಲ್ಲಿ ಅವನ ಪಕ್ಕ ಇದ್ದೆ. ಕಿಟಕಿಯ ಹೊರಗೆ ಹುಲ್ಲಿನ ಮೇಲೆ ಬಿದ್ದ ಹಿಮ ಇನ್ನೂ ಕರಗಿರಲಿಲ್ಲ. ಅವನ ತಲೆ ಬೋಳಿಸಿದ್ದರು. ಹೇಳಬೇಕಾದದ್ದು ಗಂಟಲಿಗೆ ಬಂದಿತ್ತು. ಆದರೆ ಅವನಿಗೆ ಹೇಳುವುದೆಂದರೆ ಬರೆಯುವುದು. ಪಾಟಿ ತೆಗೆದುಕೊಂಡು ಬರೆದೆ: ‘ನಾ ನಿನಗ ಸುಳ್ಳ ಹೆಳಿದೆ.’

ಅವನು ಓದಿದ. ಬಹಳ ಹೊತ್ತು ಓದಿದ. ಆಮೇಲೆ ನನ್ನ ಕೈಯಿಂದ ಕಡ್ಡಿ ತೆಗೆದುಕೊಂಡು, ಹೆ ಪಕ್ಕದಲ್ಲಿ ಒಂದು ದೀರ್ಘ ಎಳೆದ. ಹೇಳಿದೆ. ಸರಿಯಾಯಿತೇ ಎಂದು ಪಾಟಿಯನ್ನು ದೂರ ಹಿಡಿದು ನೋಡಿದ. ಹಾಳೆ ಎತ್ತಿದ. ಚರ್ ಎಂದು ಅಷ್ಟೂ ಅಳಿದುಹೋಯಿತು.

ಖಾಲಿ ಪಾಟಿಯ ಮೇಲೆ ಅವನು ಬರೆದ: ‘ಊಟ ಮಾಡಿದಿ?’

ನಾನು ಹೌದು ಎಂದು ತಲೆ ಆಡಿಸಿದೆ. ಬೆಳಿಗ್ಗೆಯಿಂದ ಒಂದು ತುತ್ತು ಬಾಯಿಗೆ ಹಾಕಿರಲಿಲ್ಲ.